ಹಿತ್ತಲ ಗಿಡವೂ ಮದ್ದೇ

ಕಳೆದ ಭಾನುವಾರ ಬೆಳಿಗ್ಗೆ ಪೇಪರು ಹಿಡಿದು ಜಗುಲಿಯ ಮೇಲೆ ಕೂತಿದ್ದೆ. ಗೇಟಿನ ಸದ್ದಾಯಿತು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಹತ್ತನೇ ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಈಗ ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಊರ ಜಾತ್ರೆಗೆ ಬಂದವನು ಮೇಷ್ಟ್ರನ್ನೂ ನೋಡಿಕೊಂಡು ಹೋಗೋಣವೆಂದು ಬಂದಿದ್ದ. ಕಾಫಿ ಬಂತು. ಮಾತು ಅದೂ ಇದೂ ಆಗಿ ಕೊನೆಗೆ ಅವನ ನೌಕರಿಯ ಮೇಲೆ ಬಂದು ನಿಂತಿತು.

ಅವನು ಕೆಲಸ ಮಾಡುವುದು ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ. ಪಿಯುಸಿ ಮುಗಿಸಿ ಹೆಲ್ಪರ್ ಆಗಿ ಸೇರಿ ಹನ್ನೊಂದು ವರ್ಷವಾಯಿತು. ಹೊಸದರಲ್ಲಿ ಪೆಟ್ಟಿಗೆ ಎತ್ತಿಡುವುದು, ಜೆರಾಕ್ಸ್ ಮಾಡಿಸಿ ತರುವುದು, ಸಾಹೇಬರಿಗೆ ಟೀ ತಂದುಕೊಡುವುದು ಇಷ್ಟೇ ಅವನ ಕೆಲಸ. ಆಮೇಲೆ ದೂರಶಿಕ್ಷಣದಲ್ಲಿ ಡಿಗ್ರಿ ಮುಗಿಸಿದ. ಸಂಜೆ ಹೊತ್ತು ಕಂಪ್ಯೂಟರ್ ಕಲಿತ. ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ, ಎಷ್ಟಿದೆ, ಯಾವಾಗ ಮುಗಿಯುತ್ತದೆ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದು ಪಟ್ಟಿಗೆ ಇಳಿಸಿದ. ಸಾಮಾನು ಸಿಗದೆ ಯಂತ್ರ ನಿಲ್ಲುವುದು ಅದರಿಂದ ಬಹಳಷ್ಟು ತಪ್ಪಿತು.

ಮೂರು ತಿಂಗಳ ಹಿಂದೆ ಸ್ಟೋರ್ಸ್ ಮೇಲ್ವಿಚಾರಕರು ನಿವೃತ್ತರಾದರು. ಆ ಜಾಗಕ್ಕೆ ಹೊರಗಿನಿಂದ ಒಬ್ಬರು ಬಂದರು. ಇವನು ಧೈರ್ಯ ಮಾಡಿ ಮ್ಯಾನೇಜರನ್ನು ಕೇಳಿದನಂತೆ. ಅವರು ನಿಜವಾಗಿಯೂ ಬೆರಗಾದರಂತೆ. "ನೀನು ಡಿಗ್ರಿ ಮಾಡಿದ್ದೀಯಾ? ಯಾವಾಗಪ್ಪಾ? ಆ ಪಟ್ಟಿ ಮಾಡಿದ್ದೂ ನೀನೇನಾ? ಒಂದು ಮಾತು ಹೇಳಬಾರದಿತ್ತಾ?"

"ಯಾಕಪ್ಪಾ ಹೇಳಲಿಲ್ಲ?" ಎಂದೆ ನಾನೂ.

ಅವನು ಲೋಟ ಕೆಳಗಿಟ್ಟ. "ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು ಅಂತ ನೀವೇ ಅಲ್ವಾ ಸಾರ್ ಹೇಳ್ತಾ ಇದ್ದದ್ದು? 'ತುಂಬಿದ ಕೊಡ ತುಳುಕುವುದಿಲ್ಲ' ಅಂತ ದಿನಾ ಬೋರ್ಡಿನ ಮೇಲೆ ಬರೆಸ್ತಿದ್ರಿ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಇನ್ನಷ್ಟು ನಾಟಿತು. ಮಕ್ಕಳೇ, ಈ ವಾರದ ಅಂಕಣ ಆ ಹುಡುಗನಿಗೆ ನಾನು ತೀರಿಸಬೇಕಾದ ಸಾಲ. ಅವನಿಗೆ ಕಲಿಸಿದ ಪಾಠ ತಪ್ಪಲ್ಲ. ಆದರೆ ಅದು ಅರ್ಧ ಪಾಠ. ಉಳಿದರ್ಧ ಇಲ್ಲಿದೆ.

ನ್ಯೂಟನ್ನನ ಮೊದಲ ನಿಯಮ ನಿಮಗೆ ಗೊತ್ತು. ಹೊರಗಿನಿಂದ ಬಲ ಬೀಳದ ಹೊರತು ನಿಂತ ವಸ್ತು ನಿಂತೇ ಇರುತ್ತದೆ. ನಮ್ಮ ಬಗ್ಗೆ ಜೊತೆಯವರ ಮನಸ್ಸಿನಲ್ಲಿರುವ ಚಿತ್ರವೂ ಹಾಗೆಯೇ. ನಾವು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಅದು ಮೂಡುತ್ತದೆ, ಆಮೇಲೆ ಅಲ್ಲಿಯೇ ಕೂತುಬಿಡುತ್ತದೆ. ಇದರಲ್ಲಿ ಹಗೆ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ. ಎಲ್ಲರಿಗೂ ಅವರವರ ಕೆಲಸವೇ ಸಾಕಾಗಿರುತ್ತದೆ. ನಾನು ಶಾಲೆಗೆ ಸೇರಿದ ಮೊದಲ ದಿನ ಫ್ಯೂಸ್ ಹೋಗಿ ಕರೆಂಟ್ ಬೆಲ್ಲು ಹೊಡೆಯುತ್ತಿರಲಿಲ್ಲ. ತಂತಿ ಕಟ್ಟಿ ಸರಿಮಾಡಿದೆ. ಇಪ್ಪತ್ತೆಂಟು ವರ್ಷವಾಯಿತು, ಇವತ್ತಿಗೂ ಸ್ಟಾಫ್ ರೂಮಿನಲ್ಲಿ ನಾನು ಫ್ಯೂಸ್ ಮೇಷ್ಟ್ರು! ಈ ನಡುವೆ ನಾನು ಏನೇನು ಓದಿದೆ, ಏನೇನು ಕಲಿತೆ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

'ಹಿತ್ತಲ ಗಿಡ ಮದ್ದಲ್ಲ' ಎಂದು ಗಾದೆ ಮಾಡಿದವರು ಇದನ್ನೆಲ್ಲ ಕಂಡವರೇ ಇರಬೇಕು. ಆದರೆ ಹಿತ್ತಲ ಗಿಡ ತಾನು ಮದ್ದು ಎಂದು ತಿಳಿಸಲು ದಾರಿಯೇ ಇಲ್ಲವೇ? ಇದೆ. ಅದನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟವರು ನಿಮ್ಮ ಪಾಠಪುಸ್ತಕದಲ್ಲೇ ಇದ್ದಾರೆ: ಮೈಕೇಲ್ ಫ್ಯಾರಡೆ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಅಂಚಿನಲ್ಲಿ. ತಂದೆ ಕಮ್ಮಾರ, ಕಾಯಿಲೆಯ ಮನುಷ್ಯ. ಹುಡುಗನ ಶಾಲೆ ಓದು ಬರಹದ ಮಟ್ಟಕ್ಕೇ ಮುಗಿಯಿತು. ಹದಿಮೂರನೇ ವಯಸ್ಸಿಗೆ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿ ಸೇರಿ, ಮುಂದೆ ಅಲ್ಲಿಯೇ ಏಳು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನು ಓದಿಯೂ ಓದಿದ. ಸಂಜೆ ವಿಜ್ಞಾನದ ಉಪನ್ಯಾಸಗಳಿಗೆ ಹೋಗುತ್ತಿದ್ದ. ಒಂದೊಂದಕ್ಕೆ ಒಂದು ಷಿಲ್ಲಿಂಗ್. ಆ ದುಡ್ಡು ಕೊಡುತ್ತಿದ್ದವನು ಅವನ ಅಣ್ಣ. ಕೇಳಿದ್ದನ್ನೆಲ್ಲ ಚಿತ್ರಸಮೇತ ಬರೆದು ತಾನೇ ಬೈಂಡು ಮಾಡಿಟ್ಟ.

ಈ ಕೆಲಸವನ್ನು ಮೊದಲು ಬೇರೆಯವರಿಗೆ ತೋರಿಸಿದ್ದು ಫ್ಯಾರಡೆ ಅಲ್ಲ, ಅವನ ಯಜಮಾನ. ರೀಬೋ ಆ ಟಿಪ್ಪಣಿಗಳನ್ನು ಅಂಗಡಿಗೆ ಬಂದ ಡಾನ್ಸ್ ಎಂಬ ಗಿರಾಕಿಗೆ ತೋರಿಸಿದ. ಅವರು ಮೆಚ್ಚಿ, ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೊಡುತ್ತಿದ್ದ ಉಪನ್ಯಾಸಗಳಿಗೆ ಫ್ಯಾರಡೆಗೆ ಟಿಕೆಟ್ ಕೊಟ್ಟರು. ನಿಮ್ಮ ಬಗ್ಗೆ ಇನ್ನೊಬ್ಬರು ಹೇಳಬೇಕಾದರೆ, ಅವರ ಕೈಗೆ ತೋರಿಸಲು ಏನಾದರೂ ಇರಬೇಕು. ಇದು ಮೊದಲ ಪಾಠ.

ವಿಜ್ಞಾನದ ಕೆಲಸ ಬೇಕೆಂದು ಫ್ಯಾರಡೆ ಅದಕ್ಕೂ ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದಿದ್ದ. ಉತ್ತರ ಬರಲಿಲ್ಲ. ಡೇವಿಗೆ ಬರೆಯುವಾಗ ಬರೀ ಪತ್ರ ಬರೆಯಲಿಲ್ಲ. ತಾನು ಕೇಳಿದ ನಾಲ್ಕು ಉಪನ್ಯಾಸಗಳನ್ನು ವಿವರವಾಗಿ ಬರೆದು, ಉಪಕರಣಗಳ ಚಿತ್ರ ಬಿಡಿಸಿ, ಸುಮಾರು 300 ಪುಟಗಳ ಪುಸ್ತಕವಾಗಿ ಬೈಂಡು ಮಾಡಿ ಅದನ್ನೂ ಜೊತೆಗೆ ಕಳಿಸಿದ. 'ನಾನು ಬುದ್ಧಿವಂತ, ಶ್ರದ್ಧಾವಂತ' ಎಂದು ಅವನು ಹೇಳಬೇಕಾಗಿಯೇ ಇರಲಿಲ್ಲ. ಪುಸ್ತಕವೇ ಹೇಳಿತು. ಡೇವಿ ಕರೆಸಿ ಮಾತಾಡಿದರು; ಆಗ ಕೆಲಸ ಖಾಲಿ ಇರಲಿಲ್ಲ. ಕೆಲವು ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡಾಗ ಡೇವಿಗೆ ನೆನಪಾದದ್ದು ಆ ಹುಡುಗ. 1813ರ ಮಾರ್ಚ್ 1ರಂದು ಫ್ಯಾರಡೆ ಸಹಾಯಕನಾದ. ವಾರಕ್ಕೆ 25 ಷಿಲ್ಲಿಂಗ್ ಸಂಬಳ, ಮಹಡಿಯ ಮೇಲೆ ಇರಲು ಎರಡು ಕೋಣೆ.

ಕತೆ ಇಲ್ಲಿಗೇ ಮುಗಿದಿದ್ದರೆ ಸಿನಿಮಾದ ಹಾಗಿರುತ್ತಿತ್ತು. ನಿಜವಾದ ಕಷ್ಟ ಶುರುವಾದದ್ದೇ ಆಮೇಲೆ. ಆ ವರ್ಷದ ಅಕ್ಟೋಬರಿನಲ್ಲಿ ಡೇವಿ ದಂಪತಿಗಳು ಯೂರೋಪ್ ಪ್ರವಾಸ ಹೊರಟರು. ಅವರ ಆಳು ಕೊನೆಗಳಿಗೆಯಲ್ಲಿ ಬರಲು ಒಪ್ಪಲಿಲ್ಲ. 'ಸ್ವಲ್ಪ ದಿನ ಅವನ ಕೆಲಸವನ್ನೂ ನೀನೇ ನೋಡಿಕೋ' ಎಂದು ಫ್ಯಾರಡೆಗೆ ಹೇಳಿದರು. ಸ್ವಲ್ಪ ದಿನವೆಂದದ್ದು ಒಂದೂವರೆ ವರ್ಷವಾಯಿತು. ಲೇಡಿ ಡೇವಿ ಅವನನ್ನು ಆಳಿನ ಹಾಗೆಯೇ ಕಂಡರು. ಗೆಳೆಯ ಆ್ಯಬಟ್‌ಗೆ ಬರೆದ ಪತ್ರಗಳಲ್ಲಿ ಫ್ಯಾರಡೆ ಆ ನೋವು ತೋಡಿಕೊಂಡಿದ್ದಾನೆ. ನನ್ನ ವಿದ್ಯಾರ್ಥಿ ತಂದುಕೊಡುತ್ತಿದ್ದ ಟೀ ನೆನಪಾಯಿತೇ?

ಒಮ್ಮೆ ಫ್ಯಾರಡೆಯೂ ಎಡವಿದ. 1821ರ ಸೆಪ್ಟೆಂಬರಿನಲ್ಲಿ, ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ತೋರಿಸಿದ. ಇಂದು ನಿಮ್ಮ ಮನೆಯ ಫ್ಯಾನು, ಮಿಕ್ಸಿಗಳಲ್ಲಿ ತಿರುಗುವ ಮೋಟಾರಿನ ಮೊದಲ ಬೀಜ ಅದು. ಖುಷಿಯಲ್ಲಿ ತಡಮಾಡದೆ ಪ್ರಕಟಿಸಿಬಿಟ್ಟ. ಆದರೆ ಇಂಥದೇ ಒಂದು ವಿಚಾರ ವೊಲಾಸ್ಟನ್ ಎಂಬ ಹಿರಿಯ ವಿಜ್ಞಾನಿಗೂ ಹೊಳೆದಿತ್ತು. ಡೇವಿಯ ಜೊತೆ ಪ್ರಯೋಗ ಮಾಡಿ ನೋಡಿದ್ದರೂ ಅದು ಫಲಿಸಿರಲಿಲ್ಲ. ಫ್ಯಾರಡೆಯ ಲೇಖನದಲ್ಲಿ ಅವರ ಹೆಸರಿರಲಿಲ್ಲ. ಕೇಳೋಣವೆಂದರೆ ಅವರು ಊರಲ್ಲಿರಲಿಲ್ಲ. ಕದ್ದ ಎಂಬ ಮಾತು ಹಬ್ಬಿತು. ಫ್ಯಾರಡೆ ಕದ್ದಿರಲಿಲ್ಲ, ಅವನ ಪ್ರಯೋಗವೇ ಬೇರೆ. ಆದರೂ ಒಂದು ಹೆಸರು ಬಿಟ್ಟುಹೋದದ್ದಕ್ಕೆ ಎಷ್ಟೋ ಕಾಲ ನೊಂದ. 1824ರ ಜನವರಿಯಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಅವನ ಹೆಸರು ಬಂದಾಗ ವಿರೋಧಿಸಿದವರು ಅಧ್ಯಕ್ಷರಾಗಿದ್ದ ಡೇವಿ, ಅವನ ಗುರು! ಮತದಾನದಲ್ಲಿ ಬಿದ್ದ ವಿರೋಧದ ಮತ ಒಂದೇ ಒಂದು. ಉಳಿದವರ ಮನಸ್ಸಿನ ಚಿತ್ರ ಅಷ್ಟು ಹೊತ್ತಿಗೆ ಬದಲಾಗಿತ್ತು.

ಅದು ಬದಲಾದದ್ದು ಹೇಗೆ? ಫ್ಯಾರಡೆ ಊರೆಲ್ಲ ತಿರುಗಿ ತನ್ನನ್ನು ಹೊಗಳಿಕೊಂಡವನಲ್ಲ. ಮುಂದೆ ಅದೇ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದಾಗ ಬೇಡವೆಂದ ಮನುಷ್ಯ. ಆದರೆ ಮಾಡಿದ ಕೆಲಸವನ್ನು ಮುಗಿಸಿ, ಬರೆದು, ಜನರ ಮುಂದಿಡುವುದನ್ನು ಮಾತ್ರ ಎಂದೂ ಬಿಡಲಿಲ್ಲ. 1825ರಲ್ಲಿ ಪ್ರಯೋಗಶಾಲೆಯ ನಿರ್ದೇಶಕನಾದ ಮೇಲೆ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಆರಂಭಿಸಿದ. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳೂ ಶುರುವಾದವು. 1827ರಿಂದ 1860ರವರೆಗೆ ಅವನೇ 19 ಸಲ ಆ ಮಾಲೆಯನ್ನು ನಡೆಸಿಕೊಟ್ಟ. ಒಂದು ಮೇಣದ ಬತ್ತಿ ಹಿಡಿದುಕೊಂಡು ಆರು ಉಪನ್ಯಾಸ ಮಾಡಿದ್ದು ಅದರಲ್ಲೇ.

ಅವನಿಗೆ ಮಾತು ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ಬೇರೆಯವರ ಉಪನ್ಯಾಸಗಳನ್ನು ಗಮನಿಸಿ, ಯಾವುದು ಚೆನ್ನ, ಯಾವುದು ಬೇಸರ ಎಂದು ಗೆಳೆಯನಿಗೆ ಉದ್ದುದ್ದ ಪತ್ರ ಬರೆದಿದ್ದ. ಮಾತುಗಾರಿಕೆಗೆ ಪಾಠ ಹೇಳಿಸಿಕೊಂಡ. 'ನಿಧಾನ' ಎಂದು ಬರೆದ ಚೀಟಿಯನ್ನು ಉಪನ್ಯಾಸದ ವೇಳೆ ತನ್ನ ಮುಂದೆ ಇರಿಸಿಕೊಳ್ಳುತ್ತಿದ್ದ. ನಮ್ಮ ಕೆಲಸದ ಬಗ್ಗೆ ಸಂಕೋಚವಿಲ್ಲದೆ ಹೇಳುವುದು ಸೈಕಲ್ ಕಲಿತ ಹಾಗೆ. ಮೊದಮೊದಲು ಬಿದ್ದೇ ಬೀಳುತ್ತೇವೆ.

ಹೇಳದೆ ಉಳಿದವರ ಕತೆಯನ್ನೂ ಕೇಳಿ. ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡದ್ದು 1831ರ ಆಗಸ್ಟ್ 29ರಂದು. ನವೆಂಬರ್ 24ರಂದು ರಾಯಲ್ ಸೊಸೈಟಿಯ ಮುಂದೆ ಅದರ ಪ್ರಬಂಧ ಬಂತು. ಅಮೆರಿಕದ ಆಲ್ಬನಿ ಎಂಬ ಊರಿನ ಶಾಲೆಯಲ್ಲಿ ಜೋಸೆಫ್ ಹೆನ್ರಿ ಎಂಬ ಮೇಷ್ಟ್ರಿದ್ದರು. ಫ್ಯಾರಡೆಗಿಂತ ಮೊದಲೋ, ಅದೇ ಸುಮಾರಿಗೋ ಅವರೂ ಅದನ್ನು ಕಂಡಿದ್ದರು. ಆದರೆ ಪಾಠದ ಹೊರೆಯಲ್ಲಿ ಬರೆದು ಪ್ರಕಟಿಸುವುದು ತಡವಾಯಿತು. 1832ರಲ್ಲಿ ಅವರ ಲೇಖನ ಬರುವ ಹೊತ್ತಿಗೆ ಫ್ಯಾರಡೆಯ ಹೆಸರು ನಿಂತಾಗಿತ್ತು. ಪ್ರೇರಕತೆಯ ಏಕಮಾನಕ್ಕೆ 'ಹೆನ್ರಿ' ಎಂದೇ ಹೆಸರಿಟ್ಟು ಲೋಕ ಅವರನ್ನು ಗೌರವಿಸಿದೆ, ನಿಜ. ಆದರೂ ಪ್ರೇರಣೆಯ ನಿಯಮದ ಪಕ್ಕದಲ್ಲಿ ನೀವು ಓದುವ ಹೆಸರು ಫ್ಯಾರಡೆಯದು. ನಾನೂ ಪಾಠದ ಹೊರೆ ಹೊತ್ತ ಮೇಷ್ಟ್ರೇ ಆದ್ದರಿಂದ ಹೆನ್ರಿಯ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಕನಿಕರ.

ಹಾಗಾದರೆ ಹೇಳಿಕೊಳ್ಳುವುದಕ್ಕೂ ಕೊಚ್ಚಿಕೊಳ್ಳುವುದಕ್ಕೂ ಗೆರೆ ಎಲ್ಲಿದೆ? ನಿಮ್ಮ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ತೆಗೆಯಿರಿ. ಉದ್ದೇಶ, ಬೇಕಾದ ಉಪಕರಣಗಳು, ವಿಧಾನ, ಅವಲೋಕನ, ಫಲಿತಾಂಶ. ನೀವು ಮಾಡಿದ್ದನ್ನೇ ನೀವು ಬರೆದಿದ್ದೀರಿ. ಆದರೆ ಇಷ್ಟು ವರ್ಷದಲ್ಲಿ ಯಾವ ಹುಡುಗನ ರೆಕಾರ್ಡನ್ನೂ ಓದಿ 'ಇವನಿಗೆಷ್ಟು ಜಂಬ!' ಎಂದು ನನಗೆ ಅನ್ನಿಸಿಲ್ಲ. ಯಾಕೆಂದರೆ ಅದರಲ್ಲಿ 'ನಾನು ಜಾಣ' ಎಂಬ ಮಾತಿಲ್ಲ. ಏನು ಮಾಡಿದೆ, ಎಷ್ಟು ಬಂತು, ಅಷ್ಟೇ. ಕೆಲಸದ ಜಾಗದಲ್ಲೂ ಇದೇ ಕ್ರಮ ಸಾಕು. 'ನಾನು ಬಹಳ ಕಷ್ಟಪಟ್ಟೆ ಸಾರ್' ಎನ್ನುವುದಕ್ಕಿಂತ 'ಮೊದಲು ಒಂದು ಸಾಮಾನು ಹುಡುಕಲು ಅರ್ಧ ಗಂಟೆ ಹಿಡಿಯುತ್ತಿತ್ತು, ಈಗ ಐದು ನಿಮಿಷ' ಎಂದರೆ ಕೇಳುವವರಿಗೂ ಹಿತ, ಹೇಳುವವರಿಗೂ ಮುಜುಗರವಿಲ್ಲ.

ನಮ್ಮ ಶಾಲೆಯ ಹೊಲಿಗೆ ಟೀಚರ್ ಒಬ್ಬರಿಂದ ನಾನು ಇದನ್ನು ಕಲಿತೆ. ಒಮ್ಮೆ ಎಂಟನೇ ತರಗತಿಗೆ ಮಳೆ ಅಳೆಯುವ ಪಾಠ ಮಾಡಿ ಸ್ಟಾಫ್ ರೂಮಿಗೆ ಬಂದೆ. ಅವರು ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟು, "ಸಾರ್, ಮಕ್ಕಳಿಗೆ ಉಪಯೋಗವಾದೀತೇನೋ ನೋಡಿ" ಎಂದರು. ತೆರೆದರೆ ಅವರ ಮನೆಯ ಅಂಗಳದಲ್ಲಿ ಒಂಬತ್ತು ವರ್ಷ ಬಿದ್ದ ಮಳೆ! ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು, ಮಿಲಿಮೀಟರಿನಲ್ಲಿ ಬರೆದಿಟ್ಟಿದ್ದರು. ಮಳೆಮಾಪಕವನ್ನು ಹೇಗೆ ಇಡಬೇಕೆಂದು ಹೇಳಿಕೊಟ್ಟವರು ತಮ್ಮ ತಂದೆ ಎಂಬುದನ್ನೂ ಮೊದಲ ಪುಟದಲ್ಲೇ ಬರೆದಿದ್ದರು. ಅಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತ ಬಿ.ಎಸ್ಸಿ., ಬಿ.ಎಡ್. ನಾನು ಅವರನ್ನು ಸೂಜಿದಾರದವರೆಂದೇ ತಿಳಿದಿದ್ದೆ. ನಾಚಿಕೆಯಾಯಿತು.

ಅವರು ಮಾಡಿದ್ದನ್ನು ಬಿಡಿಸಿ ನೋಡಿ. ಮುಗಿದ ಕೆಲಸವನ್ನು ತೋರಿಸಿದರು. ಕೇಳುವವರಿಗೆ ಅದು ಬೇಕಾದ ಹೊತ್ತಿನಲ್ಲೇ ತೋರಿಸಿದರು. ಕಲಿಸಿದವರ ಹೆಸರು ಹೇಳಿದರು. ನನಗಿಂತ ಹೆಚ್ಚೆಂದು ಎಲ್ಲೂ ಸೂಚಿಸಲಿಲ್ಲ. ಮಾತು ಕೇಳುವವರಿಗೆ ಉಪಯೋಗವಾಗುವುದಾದರೆ ಅದು ಮಾಹಿತಿ. ಬರೀ ಹೇಳುವವರಿಗೇ ಉಪಯೋಗವಾದರೆ ಜಂಬ. ನಾನು ಈಗ ಹಿಡಿದುಕೊಂಡಿರುವ ಅಳತೆಗೋಲು ಇಷ್ಟೇ.

ಇನ್ನೂ ಒಂದು ಮಾತು. ದೊಡ್ಡವರು ಎದುರಾದಾಗ "ಏನಪ್ಪಾ, ಹೇಗಿದೆ ಕೆಲಸ?" ಎನ್ನುತ್ತಾರೆ. ನಾವು "ಏನೋ, ಹೀಗೇ ನಡೀತಾ ಇದೆ ಸಾರ್" ಎಂದು ಹಲ್ಲುಕಿರಿದು ಜಾರಿಕೊಳ್ಳುತ್ತೇವೆ. ಕೇಳಿದವರಿಗೆ ಒಂದು ವಾಕ್ಯದ ಉತ್ತರ ಕೊಡುವುದು ಅಹಂಕಾರವಲ್ಲ. "ಸ್ಟೋರ್ಸ್ ಪಟ್ಟಿ ಮುಗೀತು ಸಾರ್, ಈಗ ಖರೀದಿ ಲೆಕ್ಕ ಕಲೀತಿದೀನಿ, ಮುಂದೆ ಆ ಕೆಲಸ ಮಾಡೋ ಆಸೆ ಇದೆ." ಮಾಡಿದ್ದು, ಮಾಡುತ್ತಿರುವುದು, ಮಾಡಬೇಕೆಂದಿರುವುದು ಮೂರೂ ಇದರಲ್ಲಿ ಬಂತು. ಹೇಳಿದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಡೇವಿಯಂಥವರ ಮನಸ್ಸೇ ಬದಲಾಗಲಿಲ್ಲವಲ್ಲ! ಆದರೆ 'ನಮಗೆ ಗೊತ್ತಿರಲಿಲ್ಲ' ಎಂಬ ಮಾತಿಗೆ ಆಮೇಲೆ ಜಾಗವಿರುವುದಿಲ್ಲ.

ತಾಯಿ ತಂದೆಯರೇ, ಈ ಹಳೆಯ ಚಿತ್ರದ ರೋಗ ಆಫೀಸಿಗಿಂತ ಮೊದಲು ಶುರುವಾಗುವುದು ನಮ್ಮ ಮನೆಯಲ್ಲಿ. ಐದನೇ ತರಗತಿಯಲ್ಲಿ ಒಂದು ಸಲ ಲೆಕ್ಕದಲ್ಲಿ ಕಡಿಮೆ ಬಂದಿರುತ್ತದೆ. ಮಗಳು ಒಂಬತ್ತಕ್ಕೆ ಬಂದರೂ ಪೋಷಕರ ಸಭೆಯಲ್ಲಿ, ಅವಳ ಎದುರಿಗೇ, "ಇವಳಿಗೆ ಲೆಕ್ಕ ಹತ್ತೋದಿಲ್ಲ ಸಾರ್" ಎನ್ನುತ್ತೇವೆ. ನಾಲ್ಕು ವರ್ಷದಲ್ಲಿ ಅವಳು ಎಲ್ಲಿಗೆ ಬಂದಿದ್ದಾಳೆಂದು ನೋಡಿದ್ದೇವೆಯೇ? ಸಂಜೆ ಮನೆಗೆ ಬಂದ ಮಕ್ಕಳನ್ನು 'ಎಷ್ಟು ಮಾರ್ಕ್ಸ್?' ಎಂದಷ್ಟೇ ಕೇಳುವ ಬದಲು 'ಇವತ್ತು ಏನು ಮಾಡಿದೆ, ತೋರಿಸು' ಎನ್ನಿ. ತೋರಿಸುವುದನ್ನು ಮನೆಯಲ್ಲಿ ಕಲಿತ ಮಗು ಮುಂದೆ ಕೆಲಸದಲ್ಲಿ ಮೂಲೆ ಸೇರುವುದಿಲ್ಲ. ಬೇರೆಯವರು ತೋರಿಸಿದ್ದನ್ನು ನೋಡುವ ಕಣ್ಣೂ ಅದಕ್ಕಿರುತ್ತದೆ.

ಮಕ್ಕಳೇ, ನಿಮಗೂ ಒಂದು ಮನೆಕೆಲಸ. ಈ ತಿಂಗಳು ನೀವು ಕಲಿತ ಒಂದು ಹೊಸ ವಿಷಯವನ್ನು ಅರ್ಧ ಪುಟದಲ್ಲಿ ಬರೆದು ನಿಮ್ಮ ಟೀಚರಿಗೆ ತೋರಿಸಿ. ಯಾರು ಸಹಾಯ ಮಾಡಿದರೆಂಬುದನ್ನು ಮರೆಯದೆ ಬರೆಯಿರಿ.

ಇಂಗ್ಲೆಂಡಿನ ಬ್ಯಾಂಕು 1991ರಲ್ಲಿ ತಂದ 20 ಪೌಂಡಿನ ನೋಟಿನ ಮೇಲೆ ಫ್ಯಾರಡೆಯ ಚಿತ್ರವಿತ್ತು. 2001ರವರೆಗೆ ಅದು ಚಲಾವಣೆಯಲ್ಲಿತ್ತು. ಅದರಲ್ಲಿ ಅವನು ಡೇವಿಯ ಹಿಂದೆ ಸಾಮಾನು ಹೊತ್ತು ನಡೆಯುತ್ತಿಲ್ಲ. ಕಿಕ್ಕಿರಿದ ಸಭೆಯ ಮುಂದೆ ನಿಂತು ತನ್ನ ಕೆಲಸವನ್ನು ತೋರಿಸುತ್ತಿದ್ದಾನೆ.

ನನ್ನ ವಿದ್ಯಾರ್ಥಿ ಅಂದು ಹೊರಡುವ ಮುಂಚೆ ನನ್ನ ಮೇಜಿನ ಮೇಲೇ ಒಂದು ಹಾಳೆ ತೆಗೆದು ಬರೆಯಲು ಕೂತ. ಉದ್ದೇಶ, ವಿಧಾನ, ಅವಲೋಕನ, ಫಲಿತಾಂಶ. ಪಟ್ಟಿ ಮಾಡುವಾಗ ಕೈಜೋಡಿಸಿದ ಇಬ್ಬರು ಸಹಾಯಕರ ಹೆಸರನ್ನೂ ಹಾಕಿದ. ಗುರುವಾರ ಫೋನ್ ಮಾಡಿದ್ದ. ಮ್ಯಾನೇಜರು ಓದಿ, ಬರುವ ಸೋಮವಾರದ ಮೀಟಿಂಗಿಗೆ ಬಂದು ಕೂರಲು ಹೇಳಿದ್ದಾರಂತೆ. ಹುದ್ದೆ ಇನ್ನೂ ದೂರವಿದೆ. "ಆದರೆ ಸಾರ್, ಈ ಸಲ ಟೀ ತರೋದಕ್ಕೆ ಅಲ್ಲ" ಎಂದು ನಕ್ಕ.

ಮರುದಿನ ನಾನು ಬೋರ್ಡಿನ ಮೇಲೆ ಹಳೆಯ ಗಾದೆಯನ್ನೇ ಬರೆದೆ: ತುಂಬಿದ ಕೊಡ ತುಳುಕುವುದಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಿದೆ: ಆದರೆ ಬಾಯಾರಿದವರಿಗೆ ನೀರು ಇಲ್ಲಿದೆ ಎಂದು ಹೇಳಬೇಕು.